ನಾಲ್ಕರ ಪಾಳಿ

ಕಾಲುವೆ ಕ್ವಾರ್ಟರ್ಸ್, ಗಂಗಾವತಿ ತಾಲೂಕು
11 ಅಕ್ಟೋಬರ್ 1998

ಅಣ್ಣನಿಗೆ ನೇತ್ರಾವತಿಯ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು ಅಂತ ಇರಕಲ್ಲಗಡದ ಸಾಲೆಯಲ್ಲಿ ನಮ್ಮಿಬ್ಬರಿಗೂ ಕಲಿಸಿದ್ದರು. ಇವತ್ತು ಆ ಸಾಲನ್ನು ಬಿಟ್ಟಿದ್ದೇನೆ. ಹೇಮಾಗೆ ಹತ್ತು ತಿಂಗಳಾಯಿತು, ತೂಕ ಐದು ಕಿಲೋ ದಾಟಿಲ್ಲ. ಹೊಟ್ಟೆ ಗಡಿಗೆ, ಕೈಕಾಲು ಕಡ್ಡಿ. ಎಷ್ಟು ಕುಡಿಸಿದರೂ ಹಸಿದು ಅಳುತ್ತಾಳೆ, ಕುಡಿದದ್ದೆಲ್ಲ ಎಣ್ಣೆ ಎಣ್ಣೆಯಾಗಿ ಹೊರಗೆ ಹೋಗುತ್ತದೆ. ಕೆಮ್ಮು ಹತ್ತಿದರೆ ಮುಖ ನೀಲಿಗಟ್ಟುತ್ತದೆ. ಡಾಕ್ಟರು ಮೂರು ಸಲ ನ್ಯುಮೋನಿಯಾ ಎಂದರು, ಮೂರು ಸಲ ಸೂಜಿ ಮಾಡಿದರು. ನನ್ನ ಚೊಚ್ಚಲ ಕೂಸು ಕನಕನಿಗೂ ಹೀಗೇ ಆಗಿತ್ತು. ಅವನು ಏಳು ತಿಂಗಳಿಗೆ ಹೋದ.

ಹೋದ ಅಮಾವಾಸ್ಯೆಗೆ ಅಜ್ಜಿ, ಬರೆ ಹಾಕುವ ಪಕ್ಕೀರವ್ವನನ್ನು ಕರೆಸಿ ಕೂಸಿಗೆ ಬರೆ ಹಾಕಿಸಿದಳು. "ಹೊಟ್ಟ್ಯಾಗ ಗಡ್ಡಿ ಕಟ್ಟೈತಿ, ಸುಟ್ಟರ ಕರಗತೈತಿ" ಅಂದಳು. ಚೀಲ ಹೊಲಿಯುವ ದಬ್ಬಳವನ್ನು ಒಲೆಯಲ್ಲಿ ಕೆಂಪಗೆ ಕಾಸಿ ಹೊಕ್ಕುಳಿನ ಸುತ್ತ ಐದು ಕಡೆ ಇಟ್ಟರು. ಮಾವ ಕಾಲು ಹಿಡಿದಿದ್ದರು. ಕೈ ಹಿಡಿದವಳು ನಾನು. ಬೇರೆ ಯಾರೋ ಹಿಡಿದರು ಎಂದು ಬರೆಯಬಹುದಿತ್ತು, ನೀನು ನಂಬುತ್ತಿದ್ದೆ. ಆದರೆ ಹಿಡಿದವಳು ನಾನೇ. ಚರ್ಮ ಸುಟ್ಟ ವಾಸನೆ ಎರಡು ದಿನ ನನ್ನ ಸೆರಗಿನಲ್ಲೇ ಇತ್ತು.

ಮಾವನ ಸುದ್ದಿ ಏನು ಬರೆಯಲಿ. ಮದುವೆಯಾಗಿ ನಾಲ್ಕು ವರ್ಷವಾದರೂ ಅವರನ್ನು ನನ್ನ ಗಂಡ ಎನ್ನಲು ಬಾಯಿ ಬರುವುದಿಲ್ಲ. ಅವ್ವನ ತಮ್ಮ, ನಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತವರು. ಈ ಸಲ ಕಾಲುವೆಯ ಕೆಳಗಿನ ಊರುಗಳಿಗೆ ನೀರು ಸಾಲುತ್ತಿಲ್ಲ. ಹುಲಿಗೆಪ್ಪ ಎಂಬ ರೈತ ಹಗಲಿನಲ್ಲೇ ಬಂದು ಮಾವ ಕಾಯುವ ಗೇಟಿನ ಬೀಗ ಒಡೆದ. ಮಾವ ಗೇಟು ಎತ್ತುವ ಕಬ್ಬಿಣದ ರಾಡಿನಿಂದ ಅವನ ಹೆಗಲಿಗೆ ಹೊಡೆದರು. ಮರುದಿನ ಹನ್ನೊಂದು ಜನ ಬಂದು ಮಾವನನ್ನು ಕಾಲುವೆ ಏರಿಯ ಮೇಲೆ ಕೆಡವಿ ತುಳಿದರು. ಅಂಗಿಯ ರಕ್ತ ಮೂರು ನೀರಿಗೂ ಹೋಗಲಿಲ್ಲ.

ನನ್ನ ಎಡಗಣ್ಣು ಸ್ವಲ್ಪ ಊದಿದೆ. ಬಾಗಿಲು ಬಡಿಯಿತು. ಅಕ್ಷರ ಸಾಲು ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನೇತ್ರಾವತಿ


ಹೈದರಾಬಾದು
20 ಅಕ್ಟೋಬರ್ 1998

ನೇತ್ರಾ,

ಬರೆ ಹಾಕಿಸಿದರಂತೆ. ಮುದುಕಿಗೆ ಬುದ್ಧಿ ಇಲ್ಲ ಸರಿ, ಎಸ್ಸೆಸ್ಸೆಲ್ಸಿ ಪಾಸಾದ ನಿನಗೆ ಏನಾಗಿತ್ತು? ಮಾವ ಎದುರಿಗಿದ್ದರೆ ಅದೇ ದಬ್ಬಳವನ್ನು ಅವನ ಅಂಗೈಗೆ ಇಡುತ್ತಿದ್ದೆ. ಕಾಗದ ಓದಿದಾಗಿನಿಂದ ಹಲ್ಲು ಕಡಿದು ಕಡಿದು ದವಡೆ ನೋಯುತ್ತಿದೆ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇವತ್ತು ಎರಡು ಗಾಜಿನ ನಳಿಗೆ ಒಡೆದೆ.

ಈಗ ಒಂದು ಕೆಲಸ ಮಾಡು. ಸ್ನಾನ ಮಾಡಿಸಿ ಎರಡು ತಾಸು ಬಿಟ್ಟು ಹೇಮಾಳ ಹಣೆಗೆ ನಾಲಿಗೆ ತಾಗಿಸು. ಉಪ್ಪು ಹತ್ತಿದರೆ ಮಾರನೆಯ ದಿನವೇ ಕೂಸನ್ನು ಎತ್ತಿಕೊಂಡು ಹೊರಡು. ರಾಯಚೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ನಿಲ್ದಾಣದಲ್ಲಿ ನಾನಿರುತ್ತೇನೆ. ಬೆವರು ಪರೀಕ್ಷೆ ಮಾಡುವುದು ನನ್ನದೇ ಮೇಜಿನಲ್ಲಿ. ಯಾಕೆ ಏನು ಎಂದು ಈಗ ಕೇಳಬೇಡ.

ಬಾಗಿಲು ಹಾಗೆ ಬಡಿಯುತ್ತಿದ್ದರೆ ಒಂದು ಚಿಲಕ ಹಾಕಿಸು. ಕೂಸಿಗೂ ಬಡಿದೀತು.

ಸುಭಾಷ್


ಕಾಲುವೆ ಕ್ವಾರ್ಟರ್ಸ್
14 ಡಿಸೆಂಬರ್ 1998

ಅಣ್ಣ,

ಹೈದರಾಬಾದಿನಿಂದ ಬಂದು ಇವತ್ತಿಗೆ ಇಪ್ಪತ್ತು ದಿನ. ನಿಮ್ಮ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ. ಊಟದ ಜೊತೆ ಗುಳಿಗೆಯ ಪುಡಿ, ಅನ್ನಕ್ಕೆ ಬೆಣ್ಣೆ, ಉಪ್ಪು ಸ್ವಲ್ಪ ಹೆಚ್ಚು. ತೂಕ ಅರ್ಧ ಕಿಲೋ ಏರಿದೆ. ಅಂಗನವಾಡಿಯ ತಕ್ಕಡಿಯಲ್ಲಿ ಮುಳ್ಳು ಸರಿದದ್ದನ್ನು ನೋಡಿ ಅಲ್ಲೇ ಕೂತು ಅತ್ತೆ.

ಬಡಿಯುವುದೇ ಕಷ್ಟ. ಕೂಸನ್ನು ತೊಡೆಯ ಮೇಲೆ ತಲೆಕೆಳಗಾಗಿ ಮಲಗಿಸಿ, ಅಂಗೈ ಬೊಗಸೆ ಮಾಡಿ, ಬೆನ್ನಿಗೆ ಬೆಳಿಗ್ಗೆ ಹತ್ತು ನಿಮಿಷ ಸಂಜೆ ಹತ್ತು ನಿಮಿಷ ಬಡಿಯಬೇಕು. ಗಟ್ಟಿ ಕಫ ಸಡಿಲಾಗುವವರೆಗೆ ಬಿಡಬಾರದು. ಹೇಮಾ ಚೀರುತ್ತಾಳೆ. ಸದ್ದು ಮೂರು ಮನೆ ದಾಟುತ್ತದೆ. ಪಕ್ಕದ ಮನೆಯ ತಾಜಬೀ ಓಡಿ ಬಂದು, "ಅಯ್ಯ ತಾಯಿ, ಸಾಯೋ ಕೂಸಿಗೆ ಹಿಂಗ ಬಡೀತಾರೇನವ್ವಾ" ಅಂತ ಕಸಿದುಕೊಳ್ಳಲು ನೋಡಿದಳು. ಹಡೆದವಳೇ ಮಗಳನ್ನು ಬಡಿದು ಕೊಲ್ಲುತ್ತಿದ್ದಾಳೆ ಎಂದು ಕಾಲುವೆ ಉದ್ದಕ್ಕೂ ಸುದ್ದಿಯಾಯಿತು.

ಮಾವನ ಕಿವಿಗೂ ಬಿತ್ತು. ಮಧ್ಯಾಹ್ನ ಬಂದವರೇ ನನ್ನ ಕೂದಲು ಹಿಡಿದು ಅಂಗಳಕ್ಕೆ ಎಳೆದರು. "ಕೂಸಿಗೆ ಹೊಡೀತೀಯೇನ? ಹೊಡಿಯೂದಂದ್ರ ಹೆಂಗ ಅಂತ ನಾ ತೋರಸ್ತೀನಿ" ಎಂದರು. ತೋರಿಸಿದರು. ಡಾಕ್ಟರಮ್ಮ ಹೇಳುವಾಗ ಅವರೂ ನನ್ನ ಪಕ್ಕದಲ್ಲೇ ನಿಂತಿದ್ದರು ಅಣ್ಣ, ತಲೆಯಾಡಿಸಿದ್ದರು. ಊರಿನ ಬಾಯಿ ಎದುರಿಗೆ ಬಂದಾಗ ಅದು ಮರೆತುಹೋಯಿತು. ಸಂಜೆ ನಾನು ಮತ್ತೆ ಬಡಿಯಲು ಕೂತೆ. ಅವರು ಹೊಸ್ತಿಲಲ್ಲಿ ಕೂತು ಕಿವಿ ಮುಚ್ಚಿಕೊಂಡರು.

ನನ್ನ ಕಣ್ಣಿಗೆ ಬಡಿದದ್ದು ಬಾಗಿಲಲ್ಲ. ನೀನು ಚಿಲಕ ಹಾಕಿಸು ಎಂದು ಬರೆದದ್ದನ್ನು ಓದಿ ನಕ್ಕೆ, ನಗುವಾಗ ತುಟಿ ಹರಿಯಿತು.

ಒಂದು ಉಪಕಾರ ಮಾಡು. ಎರಡೂ ಕೂಸುಗಳಿಗೆ ನನ್ನ ಹಾಲಿನಿಂದ ಈ ಕೇಡು ಬಂತು ಎಂದು ಅಜ್ಜಿ ಹೇಳುತ್ತಾಳೆ. ಮಾವನಿಗೆ ಇನ್ನೊಬ್ಬಳನ್ನು ತರುವ ಮಾತು ನಡೆದಿದೆ. ನಾನು ಹೊರಗೆ ಬಿದ್ದರೆ ಹೇಮಾಗೆ ಬಡಿಯುವವರು ಯಾರು? ರೋಗ ಎಲ್ಲಿಂದ ಬಂತು ಎಂದು ಬಿಡಿಸಿ ಬರೆ. ಮಾವ ಸರಕಾರಿ ಕೆಲಸದವರು, ಕಾಗದದಲ್ಲಿ ಬಂದದ್ದನ್ನು ನಂಬುತ್ತಾರೆ.

ನೇತ್ರಾವತಿ


ಹೈದರಾಬಾದು
9 ಜನವರಿ 1999

ನೇತ್ರಾ,

ಇದನ್ನು ಮಾವನ ಎದುರಿಗೆ, ಅಜ್ಜಿಯ ಎದುರಿಗೆ ನಿಂತು ಜೋರಾಗಿ ಓದು. ಮಾವನಿಗೆ ಗೇಟು ಗೊತ್ತು, ಗೇಟಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಮೈ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಕೋಶಗಳಿಂದ ಆಗಿದೆ. ಅವುಗಳ ಗೋಡೆಯಲ್ಲಿ ಉಪ್ಪಿನ ಅಂಶವನ್ನು ದಾಟಿಸುವ ಗೇಟುಗಳಿವೆ. ಉಪ್ಪು ಹೊರಗೆ ಹೋದರೆ ಅದರ ಹಿಂದೆ ನೀರೂ ಹೋಗುತ್ತದೆ, ಶ್ವಾಸಕೋಶದ ಲೋಳೆ ತೆಳ್ಳಗಿರುತ್ತದೆ. ಹೇಮಾಳಲ್ಲಿ ಆ ಗೇಟುಗಳಿಲ್ಲ. ನೀರು ಬಾರದ ಕಾಲುವೆಯಲ್ಲಿ ರಾಡಿ ಹೇಗೆ ಗಟ್ಟಿಯಾಗುತ್ತದೋ ಹಾಗೆ ಎದೆಯಲ್ಲಿ ಕಫ ಗಟ್ಟಿಯಾಗಿ, ಅದರಲ್ಲಿ ರೋಗಾಣು ಮನೆ ಮಾಡುತ್ತದೆ. ಊಟ ಕರಗಿಸುವ ರಸದ ದಾರಿಯೂ ಹೀಗೇ ಕಟ್ಟಿಕೊಂಡಿದೆ, ಅದಕ್ಕೇ ಆ ಹೊಟ್ಟೆ. ಬೆವರಿನಲ್ಲಿ ಮಾತ್ರ ಇದೇ ಗೇಟು ಉಪ್ಪನ್ನು ಒಳಗೆ ಎಳೆದುಕೊಳ್ಳಬೇಕು. ಗೇಟಿಲ್ಲದೆ ಉಪ್ಪು ಚರ್ಮದ ಮೇಲೇ ಉಳಿಯುತ್ತದೆ. ಅರವತ್ತು ದಾಟಿದರೆ ಕಾಯಿಲೆ ಎನ್ನುವ ಆ ಬೆವರು ಪರೀಕ್ಷೆಯಲ್ಲಿ ಹೇಮಾಗೆ ನೂರಾ ನಾಲ್ಕು ಬಂದಿತ್ತು.

ಗೇಟು ಯಾಕಿಲ್ಲ? ಅದನ್ನು ಕಟ್ಟುವ ವಿಧಾನವನ್ನು ಬರೆದಿಟ್ಟ ವಂಶವಾಹಿ ಎಂಬುದು ಪ್ರತಿ ಜೀವಕೋಶದಲ್ಲೂ ಇದೆ. ಹೇಮಾಳದರಲ್ಲಿ ಮೂರೇ ಅಕ್ಷರ ಬಿಟ್ಟುಹೋಗಿವೆ. ಗೇಟು ಎಂದರೆ ಸಾವಿರದ ನಾನೂರ ಎಂಬತ್ತು ಮಣಿಯ ಸರ, ಅದರಲ್ಲಿ ಒಂದು ಮಣಿ ಕಡಿಮೆಯಾಗುತ್ತದೆ, ಅಷ್ಟಕ್ಕೇ ಗೇಟು ಸೊಟ್ಟಗಾಗುತ್ತದೆ. ಇನ್ನೊಂದು ಮಾತು ಕೇಳು. ಗೋಡೆಯವರೆಗೆ ತಲುಪಿದ್ದರೆ ಆ ಸೊಟ್ಟ ಗೇಟು ಸ್ವಲ್ಪವಾದರೂ ತೆರೆಯುತ್ತಿತ್ತು. ಜೀವಕೋಶದ ಒಳಗಿನ ಕಾವಲು ಬಿಡುವುದಿಲ್ಲ. ಸೊಟ್ಟ ಕಂಡ ಕೂಡಲೇ ಹಿಡಿದು, ಮನೆಯೊಳಗೇ ಪುಡಿ ಮಾಡಿ ಹಾಕುತ್ತದೆ.

ಈಗ ಎಲ್ಲಿಂದ ಬಂತು ಎನ್ನುವುದು. ಆ ಬರಹದ ಎರಡು ಪ್ರತಿ ಎಲ್ಲರಲ್ಲೂ ಇರುತ್ತವೆ, ತಾಯಿಯದೊಂದು, ತಂದೆಯದೊಂದು. ಒಂದು ಸರಿಯಿದ್ದರೆ ಸಾಕು, ಕಾಯಿಲೆ ಬಾರದು. ನಿನ್ನಲ್ಲಿ ಒಂದು ಕೆಟ್ಟದ್ದಿದೆ. ಮಾವನಲ್ಲೂ ಒಂದಿದೆ. ಹೇಮಾಗೆ ಎರಡೂ ಕೆಟ್ಟವೇ ಸಿಕ್ಕವು. ಇಬ್ಬರದೂ ಒಂದೇ ಮೂಲದ್ದು. ಅಜ್ಜನದೋ ಅಜ್ಜಿಯದೋ ಒಂದು ಪ್ರತಿ ಒಂದು ದಾರಿಯಲ್ಲಿ ಮಗ ಮಾವನಿಗೆ, ಇನ್ನೊಂದು ದಾರಿಯಲ್ಲಿ ಮಗಳು ನಮ್ಮವ್ವನಿಗೆ, ಅವ್ವನಿಂದ ನಿನಗೆ ಬಂತು. ಮಾವ ಅಕ್ಕನ ಮಗಳನ್ನು ತಂದದ್ದರಿಂದ ಎರಡೂ ಒಂದೇ ಮನೆಯಲ್ಲಿ ಕೂಡಿದವು. ನಿನ್ನ ಹಾಲಿಗೆ ದೋಷ ಹೊರಿಸಿದವರ ನಾಲಿಗೆಗೆ ಹುಳ ಬೀಳಲಿ. ಇದನ್ನೂ ಓದು, ಬಿಡಬೇಡ.

ಇಂಥ ಗಂಡಹೆಂಡಿರಿಗೆ ಹುಟ್ಟುವ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಈ ಕಾಯಿಲೆ.

ಮಾವ ನಿನ್ನ ಮೇಲೆ ಇನ್ನೊಮ್ಮೆ ಕೈಮಾಡಿದರೆ ರಜೆ ಹಾಕಿ ಬಂದು ಅವನ ಕೈ ಮುರಿಯುತ್ತೇನೆ. ಈ ಸಾಲನ್ನು ಅತಿ ಜೋರಾಗಿ ಓದು.

ಸುಭಾಷ್


ಕಾಲುವೆ ಕ್ವಾರ್ಟರ್ಸ್
2 ಮಾರ್ಚ್ 1999

ಅಣ್ಣ,

ಅಕ್ಷರ ಮಕ್ಕಳು ಬರೆದಂತೆ ಕಂಡರೆ ಗಾಬರಿಯಾಗಬೇಡ, ಎಡಗೈಯಿಂದ ಬರೆಯುತ್ತಿದ್ದೇನೆ. ಕಾಲುವೆ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿದೆ. ಬೆನ್ನಿಗೆ ಬಡಿಯುವುದೂ ಎಡಗೈಯಿಂದಲೇ.

ನಿನ್ನ ಕಾಗದವನ್ನು ನೀನು ಹೇಳಿದಂತೆಯೇ ನಿಂತು ಓದಿದೆ. ಕೊನೆಯ ಸಾಲನ್ನು ಮಾತ್ರ ಓದಲಿಲ್ಲ. ಮಾವನಿಗೆ ಗೇಟಿನ ಮಾತು ಪೂರ್ತಿ ತಿಳಿಯಿತು. "ಹುಡುಗ ಛಲೋ ಬರದಾನ" ಎಂದು ಎರಡು ಸಲ ಓದಿಸಿದರು. ಹೇಮಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಹಣೆ ನೆಕ್ಕಿ, "ಖರೇನ ಉಪ್ಪ ಐತಿ" ಎಂದರು. ಆ ಹೊತ್ತಿಗೆ ನನಗೆ ಅವರ ಮೇಲೆ ಪ್ರೀತಿ ಬಂತು, ಸುಳ್ಳು ಯಾಕೆ ಹೇಳಲಿ.

ಅಜ್ಜಿ ಎದ್ದು ಒಳಗೆ ಹೋದಳು. ಮರುದಿನ ಮಧ್ಯಾಹ್ನ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಅಡಿಗೆಮನೆಯಲ್ಲಿ ಅದೇ ಸುಟ್ಟ ವಾಸನೆ. ಬಟ್ಟೆ ಬಿಸಾಡಿ ಓಡಿದೆ. ಹೇಮಾ ತೊಟ್ಟಿಲಲ್ಲಿ ಮಲಗಿದ್ದಳು. ಅಜ್ಜಿ ಒಲೆಯ ಮುಂದೆ ಸೀರೆ ಸಡಿಲಿಸಿಕೊಂಡು ಕೂತು, ಕಾಸಿದ ದಬ್ಬಳವನ್ನು ತನ್ನ ಹೊಟ್ಟೆಗೆ ತಾನೇ ಇಟ್ಟುಕೊಳ್ಳುತ್ತಿದ್ದಳು. ನಾಲ್ಕು ಆಗಿತ್ತು, ಐದನೆಯದಕ್ಕೆ ಕೈ ಹಿಡಿದೆ. "ನನ್ನ ಹೊಟ್ಟ್ಯಾಗಿಂದ ಹೊಂಟದ್ದು ಅಂದ್ರ ಕೂಸಿಗ್ಯಾಕ ಸುಟ್ಟಿವಿ ನೇತ್ರಿ? ಬುಡಕ್ಕ ಸುಡಬೇಕಿತ್ತು" ಅಂದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನೀನು ಅಜ್ಜನದೋ ಅಜ್ಜಿಯದೋ ಎಂದು ಬರೆದಿದ್ದೆ. ಸತ್ತವರ ಮೇಲೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಗಾಯ ಕೀವು ತುಂಬಿ ಹದಿನೈದು ದಿನ ಮಲಗಿದ್ದಳು.

ಇನ್ನೊಬ್ಬಳನ್ನು ತರುವ ಮಾತು ನಿಂತಿದೆ. ಅದಕ್ಕೆ ಬದಲು ಬೇರೆ ಬಂದಿದೆ. ನಾಲ್ಕರಲ್ಲಿ ಒಂದು ಎಂದು ಬರೆದೆಯಲ್ಲ, ಮಾವ ಅದನ್ನು ಬೆರಳು ಮಡಚಿ ಎಣಿಸಿದರು. ಅವರ ಗೇಟಿನಲ್ಲಿ ಒಂದೊಂದು ಊರಿಗೆ ನಾಲ್ಕು ದಿನಕ್ಕೊಮ್ಮೆ ನೀರಿನ ಪಾಳಿ. "ಇದೂ ಪಾಳೀನ ಐತಿ. ನಾಕಕ್ಕ ಒಂದು. ನಮಗ ಎರಡು ಒಮ್ಮಿಗೇ ಬಂದು ಹೋದವು, ಅಂದ್ರ ಎಂಟರ ಪಾಳಿ ಮುಗೀತು. ಇನ್ನ ಆರು ಕೂಸು ಗಟ್ಟಿ ಬರಬೇಕು" ಎಂದರು. ನೀರು ಬಿಡುವವರಿಗೆ ಪಾಳಿ ಎಂದರೆ ಧರ್ಮ ಇದ್ದಂತೆ, ತಪ್ಪಿದರೆ ತಲೆ ಒಡೆಯುತ್ತಾರೆ. ಅಂಗಳದಲ್ಲಿ ನಾಲ್ಕು ಜನರ ಎದುರಿಗೂ ಹೇಳಿದರು, ಎಲ್ಲರೂ ಹೌದು ಹೌದು ಅಂದರು.

ನನಗೆ ಸಂಶಯ ಇತ್ತು, ಬೇಡ ಎಂದೆ. ಅಣ್ಣನನ್ನು ಕೇಳೋಣ ಎಂದೆ. ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ಅದರ ಮರುದಿನ.

ಪಾಳಿ ಹೌದೋ ಅಲ್ಲವೋ, ಬೇಗ ಬರೆ.

ನೇತ್ರಾವತಿ


ಹೈದರಾಬಾದು
10 ಮಾರ್ಚ್ 1999

ನೇತ್ರಾ,

ಪಾಳಿ ಅಲ್ಲ. ಅಲ್ಲವೇ ಅಲ್ಲ. ಹಾಗೆ ಬರೆದ ನನ್ನ ಕೈ ಕಡಿದುಹಾಕಬೇಕು. ನಾಲ್ಕು ಕವಡೆ ಆಡುವಾಗ ಹಿಂದಿನ ಸಲ ಏನು ಬಿತ್ತು ಎಂದು ಕವಡೆಗೆ ನೆನಪಿರುತ್ತದೆಯೇ? ಪ್ರತಿ ಬಸಿರಿಗೂ ಹೊಸದಾಗಿ ನಾಲ್ಕರಲ್ಲಿ ಒಂದು ಪಾಲು ಭಯ, ಮೂರು ಪಾಲು ಧೈರ್ಯ. ಹಿಂದಿನವು ಲೆಕ್ಕಕ್ಕೇ ಇಲ್ಲ. ಆರಕ್ಕೆ ಆರೂ ಹೀಗೇ ಹುಟ್ಟಬಹುದು. ಇದನ್ನು ಮಾವನಿಗೆ ಓದು. ಒಪ್ಪದಿದ್ದರೆ ಅವ್ವನ ಹತ್ತಿರ ಇರಕಲ್ಲಗಡಕ್ಕೆ ಹೊರಟುಬಿಡು.

ಮೆಟ್ಟಿಲು ಎಂದು ಬರೆದಿದ್ದೀಯ. ಒಮ್ಮೆ ಬಾಗಿಲನ್ನು ನಂಬಿದೆ, ಮೆಟ್ಟಿಲನ್ನು ನಂಬುವುದಿಲ್ಲ. ಇಲ್ಲಿ ಕೂತು ಅವನನ್ನು ನೂರು ರೀತಿ ಕೊಲ್ಲುತ್ತಿದ್ದೇನೆ. ರಕ್ತದ ಮಾದರಿ ಸುತ್ತಿಸುವ ಯಂತ್ರದ ಮುಂದೆ ನಿಂತರೆ ಅದರಲ್ಲಿ ಅವನ ತಲೆ ಕಾಣುತ್ತದೆ.

ಇನ್ನೊಂದು ಇದೆ. ಎರಡು ವರ್ಷದಿಂದ ಗಂಟಲಲ್ಲಿ ನಿಂತದ್ದು. ತೊಂಬತ್ತೇಳರ ಸಂಕ್ರಾಂತಿಗೆ ಬಂದಾಗ ಕನಕನಿಗೆ ಮುತ್ತು ಕೊಟ್ಟೆ. ಉಪ್ಪು. ಅದಕ್ಕೆ ಹದಿನೈದು ದಿನ ಮೊದಲು ನಮ್ಮ ಪ್ರಯೋಗಾಲಯದಲ್ಲಿ ಈ ಕಾಯಿಲೆಯ ಪಾಠ ಕೇಳಿದ್ದೆ. ಬಿಳಿಯರ ದೇಶದ ಕಾಯಿಲೆ, ನಮ್ಮಲ್ಲಿ ಅಪರೂಪ ಎಂದಿದ್ದರು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅರೆಬರೆ ತಿಳಿದು ಹೇಳಿದರೆ ಮಾವ ಎಲ್ಲರೆದುರು ನಗುತ್ತಾನೆ, ಇಲ್ಲ ಎದ್ದು ಕೆನ್ನೆಗೆ ಬಾರಿಸುತ್ತಾನೆ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ಹನ್ನೆರಡನೆಯ ದಿನ ಕನಕ ಹೋದ ಸುದ್ದಿ ಬಂತು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಮಾ ಹೊಟ್ಟೆಯಲ್ಲಿದ್ದಾಳೆ ಎಂದು ನೀನು ಬರೆದ ದಿನವೂ ಹೇಳಲಿಲ್ಲ.

ಬೈಯಬೇಕೆನಿಸಿದರೆ ಬೈದು ಬರೆ. ಸುಮ್ಮನಿರಬೇಡ.

ಸುಭಾಷ್


ಹೈದರಾಬಾದು
30 ಮೇ 1999

ನೇತ್ರಾ,

ಇದು ಮೂರನೆಯ ಕಾಗದ, ಒಂದಕ್ಕೂ ಉತ್ತರವಿಲ್ಲ. ಹೇಮಾ ಹೇಗಿದ್ದಾಳೆ ಎಂದು ಒಂದೇ ಸಾಲು ಬರೆ. ನಾನೇ ಬರಬೇಕೆಂದಿದ್ದೆ, ಇಲ್ಲಿ ರಜೆ ಸಿಗುತ್ತಿಲ್ಲ.

ಸುಭಾಷ್


ಕಾಲುವೆ ಕ್ವಾರ್ಟರ್ಸ್
27 ಜೂನ್ 1999

ಸುಭಾಷಣ್ಣ,

ಹೇಮಾ ಬದುಕಿದ್ದಾಳೆ. ಒಂದು ಸಾಲು ಕೇಳಿದೆ, ಕೊಟ್ಟೆ. ಉಳಿದದ್ದನ್ನು ಓದುವುದು ಬಿಡುವುದು ನಿನಗೆ ಸೇರಿದ್ದು.

ಪಾಳಿಯಲ್ಲ ಎನ್ನುವ ನಿನ್ನ ಕಾಗದ ಬರುವಷ್ಟರಲ್ಲಿ ನನಗೆ ಮುಟ್ಟು ನಿಂತಿತ್ತು. ನಾನು ಬೇಡ ಎಂದ ದಿನ ಮಾವ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ, ಕೈ ಮುರಿದ ಮೇಲೂ ಕೇಳಲಿಲ್ಲ. ಇದಕ್ಕಿಂತ ಬಿಡಿಸಿ ಅಣ್ಣನಿಗೆ ಬರೆಯಲಾರೆ. ಕಾಗದ ಓದಿ ಹೇಳಿದೆ. "ಮೊದಲ ಒಂದು ಬರದ, ಈಗ ಒಂದು ಬರದ. ಅವಂಗ ಗೊತ್ತಿಲ್ಲ" ಎಂದರು.

ಅಜ್ಜಿಯೂ ಕೂತು ಕೇಳಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಸೀರೆ ಬದಲಿಸಿ, "ನಡಿ ನೇತ್ರಿ, ದವಾಖಾನಿಗೆ ಹೋಗೂಣು" ಎಂದಳು. ಹೇಮಾಳನ್ನು ತಾಜಬೀಗೆ ಕೊಟ್ಟು ಇಬ್ಬರೂ ಹೋದೆವು. ಗಂಡನ ಸಹಿ ಬೇಕೇ ಎಂದು ಕೇಳಿದೆ, ಬೇಡ ನಿನ್ನದೇ ಸಾಕು ಎಂದರು. ಎಡಗೈಯಿಂದ ಸಹಿ ಮಾಡಿದೆ. ತೆಗೆಸಿಕೊಂಡೆ. ಮೂರು ಪಾಲು ಅದು ಗಟ್ಟಿಮುಟ್ಟಾದ ಕೂಸೇ. ಮೇಜಿನ ಮೇಲೆ ಮಲಗಿ ಅದನ್ನೇ ಎಣಿಸಿದೆ, ಒಂದು, ಎರಡು, ಮೂರು. ನಾಲ್ಕಕ್ಕೆ ಹೇಮಾಳ ಮುಖ ಬಂತು. ಇನ್ನೊಂದು ಬೆನ್ನಿಗೆ ಬಡಿಯಲು ನನ್ನಲ್ಲಿ ಕೈಯಿಲ್ಲ, ಅಷ್ಟೇ. ಬೇರೆ ಕಾರಣ ಹುಡುಕಬೇಡ.

ಈ ತಿಂಗಳ ಮೊದಲಲ್ಲಿ ಮಾವನಿಗೆ ಹೇಗೋ ತಿಳಿಯಿತು. ಅವತ್ತು ಸಂಜೆ ನಾನು ಹೇಮಾಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ರಾಡು ಹಿಡಿದು ಬಂದರು. "ನನ್ನ ಗಟ್ಟಿ ಮಗನ್ನ ಕೊಂದಿ" ಎಂದರು. ರಾಡು ಎತ್ತಿದಾಗ ಅಜ್ಜಿ ಹಿಂದಿನಿಂದ ಅವರ ಕೊರಳಿಗೆ ಜೋತುಬಿದ್ದಳು. ಕೊಡವಿದ ರಭಸಕ್ಕೆ ಅವಳ ಹಲ್ಲು ಹೊಸ್ತಿಲಿಗೆ ಬಡಿದು ಎರಡು ಉದುರಿದವು. ರಾಡು ಕೆಳಗೆ ಬಿತ್ತು. ನಾನು ಕೂಸನ್ನು ಚಾಪೆಗೆ ಇಳಿಸಿ ರಾಡು ಎತ್ತಿಕೊಂಡೆ. ಎಡಗೈಯಿಂದಲೇ ಹೊಡೆದೆ. ಮೊದಲನೆಯದಕ್ಕೆ ಅವರ ಬಲಗೈ ಮುರಿಯಿತು. ಎರಡನೆಯದು ಬೇಕಿರಲಿಲ್ಲ, ಹೊಡೆದೆ. ಮೂರನೆಯದನ್ನೂ ಹೊಡೆದೆ. ಹೊಡೆಯುವಾಗ ಸುಖವಾಯಿತು ಅಣ್ಣ. ಆಮೇಲೆ ಅಂಗಳಕ್ಕೆ ಹೋಗಿ ವಾಂತಿ ಮಾಡಿಕೊಂಡೆ.

ಹುಲಿಗೆಪ್ಪನ ಮಂದಿ ಹೊಡೆದರು ಎಂದು ಅವರು ಠಾಣೆಯಲ್ಲಿ ಬರೆಸಿದರು, ಹೆಂಡತಿ ಹೊಡೆದಳು ಎನ್ನಲು ನಾಚಿಕೆ. ನಾನೇ ಹೋಗಿ ಹೊಡೆದವಳು ನಾನು ಎಂದೆ. ಪೊಲೀಸರು ನನ್ನ ಕೊರಳಿಗೆ ಕಟ್ಟಿದ ಕೈ ನೋಡಿ ಮನೆಗೆ ಹೋಗಮ್ಮಾ ಎಂದರು. ಹುಲಿಗೆಪ್ಪ ಮೂರು ದಿನ ಒಳಗಿದ್ದು ಬಂದ. ಮಾವ ಈಗ ಇರಕಲ್ಲಗಡದಲ್ಲಿ ಅವ್ವನ ಮನೆಯಲ್ಲಿ ಮಲಗಿದ್ದಾರೆ. ಅವ್ವ ತಮ್ಮನಿಗೆ ತುತ್ತು ಮಾಡಿ ಉಣ್ಣಿಸುತ್ತಾಳೆ, ನನ್ನ ಮುಖ ನೋಡುವುದಿಲ್ಲ ಎಂದು ಹೇಳಿ ಕಳಿಸಿದ್ದಾಳೆ. ಅಜ್ಜಿ ಮಾತ್ರ ನನ್ನ ಜೊತೆ ಉಳಿದಿದ್ದಾಳೆ.

ನಿನ್ನ ಗಂಟಲಲ್ಲಿ ನಿಂತದ್ದರ ಬಗ್ಗೆ. ನೀನು ಅವತ್ತು ಹೇಳಿದ್ದರೆ ಹೇಮಾ ಹುಟ್ಟುತ್ತಿರಲಿಲ್ಲ. ಹೇಳದೆ ಇದ್ದದ್ದಕ್ಕೆ ಹುಟ್ಟಿ, ದಬ್ಬಳದಲ್ಲಿ ಸುಡಿಸಿಕೊಂಡು, ದಿನಕ್ಕೆ ಎರಡು ಸಲ ಬಡಿಸಿಕೊಂಡು, ಹೋದ ವಾರ ನನ್ನನ್ನು ಅವ್ವಾ ಎಂದಳು. ನಿನ್ನನ್ನು ಕ್ಷಮಿಸಬೇಕೋ ಬೈಯಬೇಕೋ ತಿಳಿಯದೆ ಮೂರು ತಿಂಗಳು ಬರೆಯಲಿಲ್ಲ. ಈಗಲೂ ತಿಳಿದಿಲ್ಲ. ಆದರೆ ರಜೆ ಸಿಗುತ್ತಿಲ್ಲ ಎಂಬುದು ನನಗೆ ಬಾಗಿಲು ಬಡಿದಷ್ಟೇ ಖರೆ ಎಂದು ಗೊತ್ತು. ನೀನು ಮುಖ ತೋರಿಸಲು ಹೆದರಿದ್ದೀಯ.

ನನ್ನ ಮಣಿಕಟ್ಟು ಸೊಟ್ಟಗೆ ಕೂಡಿದೆ ಎಂದು ಹೋದ ತಿಂಗಳು ಮತ್ತೆ ಮುರಿದು ಕಟ್ಟಿದ್ದಾರೆ. ರಾಡು ಎತ್ತಿದ ಎಡಗೈ ಭುಜದಿಂದ ಮೇಲೇಳುತ್ತಿಲ್ಲ. ಅಜ್ಜಿ ಬಡಿಯುತ್ತಾಳೆ, ಮೂವತ್ತು ಬಡಿತಕ್ಕೆ ಕೈ ಸೋತು ನಿಲ್ಲುತ್ತದೆ. ನಾಲ್ಕು ದಿನದಿಂದ ಕಫ ಸರಿಯಾಗಿ ಹೊರಗೆ ಬಂದಿಲ್ಲ. ನಿನ್ನೆ ಬಂದ ಸ್ವಲ್ಪ ಹಸಿರಾಗಿತ್ತು. ಜ್ವರ ನೂರಾ ಎರಡು. ಇಲ್ಲಿನ ಡಾಕ್ಟರು ನಿಮ್ಮ ಡಾಕ್ಟರಮ್ಮನಿಗೆ ಫೋನು ಮಾಡಿ ಸೂಜಿ ಶುರು ಮಾಡಿದ್ದಾರೆ, ಎದೆ ಸಡಿಲಾಗದೆ ಬರೀ ಸೂಜಿಯಿಂದ ಆಗುವುದಿಲ್ಲ ಎಂದಿದ್ದಾರೆ.

ಗೇಟು, ಮಣಿಸರ, ಕವಡೆ, ಎಲ್ಲ ತಿಳಿಯಿತು. ನೀನು ಚೆನ್ನಾಗಿ ಬರೆಯುತ್ತೀಯ. ಈ ಮನೆಗೆ ಈಗ ಎರಡು ಗಟ್ಟಿ ಕೈ ಬೇಕು, ಹೊಡೆಯಲು ಅಲ್ಲ. ರಾಯಚೂರಿನಿಂದ ಮಧ್ಯಾಹ್ನದ ಬಸ್ಸು ಕ್ವಾರ್ಟರ್ಸ್ ಎದುರಿಗೇ ನಿಲ್ಲುತ್ತದೆ. ಇದಕ್ಕೆ ಉತ್ತರ ಬರೆಯಬೇಡ.

ನೇತ್ರಾವತಿ